ಬೈತಕೋಲದ ತಾಂಡೇಲ, ದೋಣಿ ಬಿಡುವ ಮುನ್ನ

ಚಪ್ಪಲಿ ಇಲ್ಲೇ ಬಿಡಿ, ಧಕ್ಕೆಯ ಮೇಲೆ.
ಒಯ್ದರೆ ನಾಯಿ ಒಯ್ದೀತು, ಮನುಷ್ಯರು ಮುಟ್ಟುವುದಿಲ್ಲ.
ಆ ಕರಿ ಕೋಲಿಗೆ ಎಷ್ಟು ಕೊಟ್ಟಿರಿ? ಬೇಡ, ಹೇಳಬೇಡಿ,
ಕೇಳಿದರೆ ನನ್ನ ಎಂಜಿನ್ ನಾಚಿ ನಿಂತುಬಿಟ್ಟೀತು.
ಕೂತುಕೊಳ್ಳಿ. ಅಲ್ಲಲ್ಲ, ಐಸ್ ಪೆಟ್ಟಿಗೆಯ ಮೇಲಲ್ಲ,
ಅದು ಬರುವವನ ಜಾಗ.

ಮೊದಲು ಕಾಳಿಯ ನೀರು, ಚಹದ ಬಣ್ಣ.
ಅಲ್ಲಿ ಗಾಳ ಬಿಟ್ಟರೆ ಯಾರದೋ ಹರಿದ ಲುಂಗಿ.
ಕೂರ್ಮಗಡ ದಾಟಿದರೆ ಹಸಿರು,
ಮನೆಯ ಸಾರಿಗೆ ಸಾಕು.
ದೇವಗಡದ ದೀಪಸ್ತಂಭ ಬೆನ್ನ ಹಿಂದೆ
ಬೆಂಕಿಕಡ್ಡಿಯಷ್ಟಾದಾಗ ನೀಲಿ ಬಂತು ಅನ್ನುತ್ತೀರಿ.
ಬಂದಿಲ್ಲ. ಇನ್ನೂ ಹೋಗಬೇಕು,
ನೀಲಿ ಅನ್ನಲು ಬಾಯಿ ತೆರೆದರೆ ಕಪ್ಪು ಅನ್ನಿಸುವ ತನಕ.
ಅಂಜದೀವದ ಕಡೆ ಫೋನ್ ಎತ್ತಬೇಡಿ ಮಾರಾಯ್ರೆ,
ಅದೀಗ ನೌಕಾಪಡೆಯವರದು.
ನಮ್ಮಜ್ಜ ಅಲ್ಲಿ ಬಲೆ ಒಣಗಿಸುತ್ತಿದ್ದ,
ಆ ಕತೆಯನ್ನೂ ಈಗ ಮೆಲ್ಲಗೆ ಹೇಳುತ್ತೇವೆ.

ಮೀನು ಹುಡುಕಬೇಡಿ. ಹಕ್ಕಿ ಹುಡುಕಿ.
ಸುಮ್ಮನೆ ತೇಲುವ ಹಕ್ಕಿಗೆ ಕೆಲಸವಿಲ್ಲ.
ಒಂದೇ ಕಡೆ ಬೈಯುತ್ತ, ಬೀಳುತ್ತ, ಏಳುತ್ತ ಇದ್ದರೆ,
ತಾರ್ಲೆ ನೀರು ಬಿಟ್ಟು ಗಾಳಿಗೆ ಹಾರುತ್ತಿದ್ದರೆ,
ಕೆಳಗೆ ಗೇದರ. ನಿಮ್ಮ ಪೇಟೆಯ ಟ್ಯೂನಾ.
ಹಿಂಡಿನ ಮಧ್ಯೆ ದೋಣಿ ನುಗ್ಗಿಸುವವ ತಾಂಡೇಲನಲ್ಲ.
ಕರೆಯದ ಮದುವೆಗೆ ಊಟಕ್ಕೆ ಹೋದ ಹಾಗೆ ಹೋಗಬೇಕು:
ಪಕ್ಕದಿಂದ, ಸದ್ದಿಲ್ಲದೆ, ಮೊದಲಿಂದ ಅಲ್ಲೇ ಇದ್ದವರಂತೆ.

ಜೀವದ ಬಂಗಡೆ. ಬೆನ್ನ ರೆಕ್ಕೆಯ ಮುಂದೆ ಚುಚ್ಚಿ,
ಎಲುಬಿಗೆ ತಾಗಬಾರದು. ಅದು ತನಗೆ ಏನೂ ಆಗಿಲ್ಲ
ಅಂದುಕೊಂಡು ಈಜಬೇಕು,
ಸೊಸೈಟಿ ಸಾಲ ಪಡೆದ ಮೊದಲ ತಿಂಗಳಿನಂತೆ.

ಕಚ್ಚಿದ್ದು ನಾನು ಹೇಳಬೇಕಾಗಿಲ್ಲ.
ಮೊದಲ ಓಟ ಅವನದು. ಬಿಡಿ.
ನೂರು ಮಾರು, ಇನ್ನೂರು ಮಾರು,
ನಿಮ್ಮ ಯಂತ್ರ ಕೀರ್ ಎಂದು ಅಳಲಿ, ಬಿಡಿ.
ಅವ ನಿಂತಾಗ ನೀವು. ಓಡಿದರೆ ಮತ್ತೆ ಅವ.
ಎರಡು ತಾಸಾಗಬಹುದು. ಕೋರ್ಟು ಕೇಸಿನಂಥದು ಇದು,
ಸೊಂಟ ಗಟ್ಟಿ ಇದ್ದವ ಗೆಲ್ಲುತ್ತಾನೆ, ಅದೂ ಒಮ್ಮೊಮ್ಮೆ.

ದಾರ ಕೈಗೆ ಸುತ್ತಬೇಡಿ.
ಸುತ್ತಲೇಬೇಡಿ.
ಆಗಿನಿಂದ ನನ್ನ ಎಡಗೈ ನೋಡುತ್ತಿದ್ದೀರಿ, ಗೊತ್ತು.
ನೇತ್ರಾಣಿಯ ಪಡುವಣ, ಮದುವೆಯಾಗಿ ಹದಿನಾಲ್ಕು ದಿನ,
ಮಾವ ಕೊಟ್ಟ ಉಂಗುರದ ಬೆರಳೇ.
ನೋವು ಆಮೇಲೆ ಬಂತು. ಮೊದಲು ಬಂದದ್ದು ಹಗುರ.
ಹೊನ್ನಮ್ಮ ಅಳಲಿಲ್ಲ. ಬಟ್ಟೆ ಸುತ್ತುತ್ತ ಅಂದಳು:
'ಹಾಗಾದರೆ ಕಡಲಲ್ಲಿ ನನಗೆ ಇನ್ನೊಬ್ಬ ಗಂಡ,
ಇನ್ನು ಮೇಲೆ ನೋಡಿಕೊಂಡು ಗಾಳ ಹಾಕು.'

ಮೇಲೆ ಬಂದಾಗ ಬಂಗಾರದ ಗೆರೆ ಇರುತ್ತದೆ ಮೈಗೆ.
ನೀವು ಫೋನ್ ಹುಡುಕುವುದರೊಳಗೆ ಬೂದಿ.
ಒಂದು ಫೋಟೋ, ಒಂದೇ. ಆಮೇಲೆ ಚೂರಿ,
ಪಕ್ಕದ ರೆಕ್ಕೆಯ ಬುಡದಲ್ಲಿ, ಎರಡು ಬೆರಳಷ್ಟು ಒಳಗೆ,
ರಕ್ತ ಪೂರ್ತಿ ಹೋಗಬೇಕು. ತಡ ಮಾಡಿದರೆ
ಅವ ತನ್ನ ಮಾಂಸವನ್ನು ತಾನೇ ಬೇಯಿಸುತ್ತಾನೆ.
ಹೌದು, ಬಿಸಿ. ಬಂಗಡೆ ತಣ್ಣಗೆ, ಶಿಸ್ತಾಗಿ ಸಾಯುತ್ತದೆ.
ಇವನ ಹೊಟ್ಟೆಗೆ ಕೈ ಇಟ್ಟರೆ
ಜ್ವರದ ಮಗುವನ್ನು ಮುಟ್ಟಿದ ಹಾಗೆ.
ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಬೇಡಿ.
ಐಸ್ ಸುರಿಯಿರಿ.

ವಾಂತಿ ಬಂದರೆ ಗಾಳಿ ಹೋಗುವ ಕಡೆಗೆ ಬಾಗಿ.
ಏನೂ ಸಿಗದಿದ್ದರೆ ಡೀಸೆಲ್ ಹಣ ಕೊಡಿ,
ಸಿಟ್ಟು ಕೊಡಬೇಡಿ.
ಮತ್ತೆ ಒಂದು. ಮೀನು ನಿಮ್ಮದೇ, ತಲೆ, ಬಾಲ, ತೂಕ ಎಲ್ಲ.
ಹೊಟ್ಟೆ ಮಾತ್ರ ನಾನೇ ಸೀಳುತ್ತೇನೆ.
ಕರುಳಿನೊಳಗೆ ಕೈಯಾಡಿಸಿ ಸ್ವಲ್ಪ ಹೊತ್ತು ಹುಡುಕುತ್ತೇನೆ.
ಮೂವತ್ತೊಂದು ವರ್ಷವಾಯಿತು. ಆ ಮೀನು ಸತ್ತು
ಎಷ್ಟು ಕಾಲವಾಯಿತೋ, ಅಷ್ಟು ನನಗೂ ತಿಳಿಯುತ್ತದೆ.
ಆ ಹೊತ್ತಿಗೆ ನೀವು ಆಚೆ ನೋಡಿ.

ಏ ಬೊಮ್ಮು, ಹಗ್ಗ ಬಿಚ್ಚು.