ಷರಾ

ಸಂಘದ ಕಾರ್ಯದರ್ಶಿ ದಾಮೋದರ ಮೆಂಡನ್
ಎರಡು ಅಕ್ಕಿಚೀಲ ರಿಕ್ಷಾದಿಂದ ಇಳಿಸಿ
ಮೂರು ಮಹಡಿ ತಾವೇ ಹೊತ್ತು ತಂದರು.
ಒಳಗೆ ನಲವತ್ತೊಂದು ಕಥಾಸಂಕಲನ,
ತಳದಲ್ಲಿ ನಾಲ್ಕು ಕಾಳು ಸೋನಾ ಮಸೂರಿ.
"ದಸರೆಯೊಳಗೆ ಅಂಕ ಕೊಟ್ಟರಾಯ್ತು ಅಕ್ಕ,
ನಿಮಗೇನು, ಓದುವ ಚಟ ಇದ್ದದ್ದೇ."

ಇದ್ದದ್ದೇ.
ದಿಂಬಿನ ಪಕ್ಕ ಬೋರಲು ಮಲಗಿತ್ತು ಆಗ
ನನ್ನದೇ ಒಂದು ಪುಸ್ತಕ,
ಫೋರ್ಟಿನ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕೊಂಡದ್ದು:
ದೀಪಸ್ತಂಭ ಕಾಯುವವನೊಬ್ಬನ ದಿನಚರಿ.
ನೂರ ಹನ್ನೆರಡನೆಯ ಪುಟದಲ್ಲಿ ಅವನಿಗೆ ಜ್ವರ.
ಹಳೆಯ ರೈಲ್ವೆ ಪಾಸು ನಡುವೆ ಇಟ್ಟು ಮುಚ್ಚಿದೆ.
ಸ್ವಲ್ಪ ತಡಿ ಮಾರಾಯ, ಬಂದೆ.

ಜುಲೈ. ಆಗಸ್ಟ್.
ಎಂಟು ಹದಿನೇಳರ ಲೇಡೀಸ್ ಡಬ್ಬಿ,
ಡೊಂಬಿವಲಿಯಿಂದ ವಿಟಿವರೆಗೆ ನಿಂತು ಓದು,
ಸಂಜೆ ಕಿಟಕಿ ಸಿಕ್ಕರೆ ಕೂತು.
ಬಂದರಿನ ಲೆಕ್ಕಪತ್ರದಲ್ಲಿ ಮೂವತ್ತು ವರ್ಷದಿಂದ
ತಪ್ಪು ಹುಡುಕಿಯೇ ಸಂಬಳ ತಿನ್ನುವವಳು,
ನನ್ನ ಪೆನ್ಸಿಲ್ಲಿಗೆ ಯಾರೂ ಹೇಳಿಕೊಡಬೇಕಿಲ್ಲ.
ಭಾಷೆ: ಇಪ್ಪತ್ತಕ್ಕೆ ಹದಿಮೂರು.
ವಸ್ತು: ಪರವಾಗಿಲ್ಲ.
ಅಂತ್ಯ: ಅವಸರ, ಲೇಖಕರು ಇಳಿಯುವ ಸ್ಟೇಷನ್ ಬಂದಿರಬೇಕು.
ಒಂದೇ ವಾರದಲ್ಲಿ ಮೂವರು ಕಥಾನಾಯಕರು ಸಮುದ್ರಕ್ಕೆ ಹಾರಿದರು.
ಘಾಟ್ಕೋಪರ್ ದಾಟುವ ಹೊತ್ತಿಗೆ
ಮೂವರಿಗೂ ಹನ್ನೊಂದು, ಹನ್ನೊಂದು, ಹನ್ನೊಂದು.

ಒಂದು ರಾತ್ರಿ ಕದ್ದು ದೀಪದವನ ಬಳಿ ಹೋದೆ.
ಜ್ವರ ಇನ್ನೂ ಇಳಿದಿರಲಿಲ್ಲ.
ಎರಡು ಪುಟ ಆಗುವಷ್ಟರಲ್ಲಿ, ನೋಡಿದರೆ,
ಅಂಚಿನಲ್ಲಿ ನನ್ನದೇ ಕೈಬರಹ: ಪುನರುಕ್ತಿ.
ಪಾಪ, ಕನವರಿಸುತ್ತಿದ್ದ ಆತ.
ರಬ್ಬರು ಹುಡುಕಿ ಅಳಿಸಿದೆ. ಹಳೆಯ ಕಾಗದ,
ಅಕ್ಷರದ ಜೊತೆ ಸಿಪ್ಪೆಯಷ್ಟು ಎದ್ದು ಬಂತು.
ಮತ್ತೆ ಮುಟ್ಟಲಿಲ್ಲ.

ಮೂವತ್ತನಾಲ್ಕನೆಯದು ತೆಳ್ಳಗಿತ್ತು.
ಮುಖಪುಟದಲ್ಲೊಂದು ಕುರ್ಚಿ, ಅದೂ ಸೊಟ್ಟಗೆ ಅಚ್ಚಾದದ್ದು.
ಬರೆದವಳು ಬೇಬಿಜಾನ್ ಅತ್ತಾರ. ಮುನ್ನುಡಿಯಿಲ್ಲ.
ಎರವಲು ತಂದ ಜರಡಿ ಕೊಡಲು ಹೋದ ಹೆಂಗಸು
ಆ ಮನೆಯಲ್ಲಿ ಸಂಜೆವರೆಗೂ ಕೂತುಬಿಡುತ್ತಾಳೆ.
ಯಾಕೆಂದು ಕಥೆ ಹೇಳುವುದಿಲ್ಲ,
ಮನೆಯವರೂ ಕೇಳುವುದಿಲ್ಲ.
ಕತ್ತಲಾದಾಗ ಅವಳ ಮುಂದೆಯೂ ಒಂದು ತಟ್ಟೆ ಇಡುತ್ತಾರೆ.

ಪೆನ್ಸಿಲ್ ಯಾವಾಗ ಬಿತ್ತೋ.
ಕ್ಲಿಪ್ಪು ಮಾರುವ ಹುಡುಗಿ ಸೀಟಿನಡಿಯಿಂದ ಹೆಕ್ಕಿ
"ಮಾವ್ಶಿ, ತುಮ್ಚಿ ಪೆನ್ಸಿಲ್" ಎಂದಾಗ
ಡಬ್ಬಿ ಖಾಲಿ, ಮೊಣಕೈ ಮಳೆಗೆ ತೊಯ್ದು ತಣ್ಣಗೆ,
ಕಲ್ಯಾಣ.
ಮನೆ ಎರಡು ಸ್ಟೇಷನ್ ಹಿಂದೆ.
ಪ್ಲಾಟ್‌ಫಾರ್ಮಿನ ಬೆಂಚಿನಲ್ಲೇ ಕೊನೆಯ ಕಥೆ ಮುಗಿಸಿ ಎದ್ದೆ.

ಮಾಟುಂಗಾದಲ್ಲಿ ಸಭೆ, ಇಡ್ಲಿಯಾದ ಮೇಲೆ.
ಕಾಗುಣಿತದ ತಪ್ಪು ಎಂಬತ್ತು, ಅಂದರು ಪದ್ಮರಾಜ ಇಂಡಿ.
ಎಣಿಸಿದ್ದಾರೆ, ನಿಜವೇ.
"ಕಥಿ ಎಲ್ಲೈತ್ರೀ ಇದರಾಗ?" ಯಮುನಾಬಾಯಿ ಕಟ್ಟಿ.
ನನ್ನ ಹಾಳೆಯಲ್ಲಿ ಮೂವತ್ತನಾಲ್ಕರ ಮುಂದೆ
ಎಲ್ಲ ಮನೆಯೂ ಖಾಲಿ.
"ಬಿಟ್ಟುಹೋಗಿದೆಯಲ್ಲ ಅಕ್ಕ?" ಮೆಂಡನ್ ಕನ್ನಡಕ ಏರಿಸಿದರು.
ಲೆಕ್ಕದವಳು ಖಾಲಿ ಬಿಡಬಾರದು.
ಭಾಷೆಗೆ ಹನ್ನೆರಡು ಹಾಕಿದೆ, ಎಂಬತ್ತು ತಪ್ಪಿಗೆ ಅಷ್ಟೇ ನ್ಯಾಯ;
ಉಳಿದದ್ದಕ್ಕೆ ಕೈ ಬಂದಷ್ಟು. ಸಾಲಲಿಲ್ಲ.
ಷರಾ ಎಂಬ ಕಡೆಯ ಮನೆಯಲ್ಲಿ ಬರೆದೆ:
ಕಲ್ಯಾಣದಲ್ಲಿ ಇಳಿದೆ.
ಅದನ್ನು ಯಾರೂ ಓದಲಿಲ್ಲ.
ಬಹುಮಾನ ಹದಿನೇಳನೆಯದಕ್ಕೆ. ಒಳ್ಳೆಯ ಪುಸ್ತಕವೇ, ಸುಳ್ಳು ಹೇಳಬಾರದು.

ಆ ರಾತ್ರಿ ಪೆನ್ಸಿಲ್ಲನ್ನು ಸಾಸಿವೆ ಡಬ್ಬಿಗೆ ಹಾಕಿ ಬಂದು
ದೀಪದವನನ್ನು ತೆಗೆದೆ.
ಸಿಪ್ಪೆ ಎದ್ದ ಜಾಗ ಎಷ್ಟು ತೆಳುವಾಗಿತ್ತೆಂದರೆ
ಮುಂದಿನ ಪುಟದ ಒಂದೆರಡು ಅಕ್ಷರ
ಇತ್ತಲೇ ಕಾಣುತ್ತಿದ್ದವು.