ಮೂಗಿನ ಪಗಾರ

ಕೋಲ್ಡ್ ಸ್ಟೋರೇಜಿನ ಹೋದ್ವರ್ಷದ ಕಾಯಿ ಯಾವುದು,
ಈ ಸುಗ್ಗೀದು ಯಾವುದು ಅಂತ
ಚೀಲದ ಬಾಯಿಗೆ ಮೂಗು ಹಚ್ಚಿ ಹೇಳಾಕಿ ನಾನು.
ಬ್ಯಾಡಗಿ ಪ್ಯಾಟ್ಯಾಗ ಇಪ್ಪತ್ತೆರಡು ವರ್ಷ
ಮೆಣಸಿನಕಾಯಿ ತೊಟ್ಟು ಮುರದೇನಿ.
ಮೂಗಿಗೆ ಬ್ಯಾರೆ ಪಗಾರ ಇರಲಿಲ್ಲ, ಮಾತಿತ್ತು:
"ಬಸಲಿಂಗವ್ವ ಅಂದ್ಲಂದ್ರ ಮುಗೀತು."

ಸಂಕ್ರಾಂತಿ ಆದ ಮರುವಾರ
ಹಳೇ ಮಾಲಿಗೆ ಹೊಸದು ಅಂದೆ.
ಸಾವ್ಕಾರ ಬೈಲಿಲ್ಲ. ನೋಡಿದ.
ಬೈದಿದ್ರ ಚಲೋ ಇತ್ತು.

ಅದಕ್ಕೂ ಮೊದಲ ಹಾಲು ಸೀದದ್ದು
ಪೀರಾಂಬಿ ಗ್ವಾಡಿ ಬಡದು ಹೇಳಿದ್ಲು.
ನೆಗಡಿ ಅಂದ್ಕೊಂಡು ಶುಂಠಿ ಕಷಾಯ ಕುಡದೆ, ದೀಪಾವಳಿಯಿಂದ.

ಹುಬ್ಬಳ್ಳಿ ಡಾಕ್ಟರು, ಸಣ್ಣ ವಯಸ್ಸು,
ಕರೇ ಫಿಲಮಿನ ಮ್ಯಾಲೆ ಪೆನ್ನಿಲೆ ತೋರಿಸಿದ್ರು:
ಎರಡೂ ಕಣ್ಣಿನ ನಡುವ, ಮೂಗಿನ ಮ್ಯಾಲೆ ಮಾಳಿಗಿ ಇದ್ದಂಗ,
ಲಿಂಬಿಹಣ್ಣಿನಷ್ಟು ಬೆಳ್ಳಗ.
"ಮೆದುಳಿನ ಗಡ್ಡಿ. ಸಾವಕಾಶ ಬೆಳದೈತಿ,
ಹತ್ತು ವರ್ಷ ಆಗಿರಬಹುದು."

ಹತ್ತು ವರ್ಷ!
ಇದು ಒಳಗ ಕುಂತಾಗ ನಾ ಮಗಳ ಲಗ್ನ ಮಾಡೇನಿ,
ಚೀಟಿ ಎತ್ತೇನಿ,
ಅತ್ತಿ ಸತ್ತಾಗ ಒಂದ್ ಹನಿ ಕಣ್ಣೀರು ಹಾಕಿಲ್ಲ.
ಯಾವ ಸಿಟ್ಟು ನಂದು, ಯಾವುದು ಅದರದು?
ಅದನ್ನ ತಗದ ಮ್ಯಾಲೆ
ಉಳಿಯಾಕಿ ಯಾರು?
ಡಾಕ್ಟರಿಗೆ ಇದನ್ನ ಕೇಳಾಕ ಬಾಯಿ ಬರಲಿಲ್ಲ.
ಖರ್ಚು ಎಷ್ಟು ಅಂತ ಕೇಳಿದೆ.

ವಾಪಸ್ ಬಸ್ಸಿನಾಗ ಮನಿಯವ್ರು ಮಾತಿಲ್ಲ ಕತಿಯಿಲ್ಲ.
ಬಂಕಾಪುರ ದಾಟಿದ ಮ್ಯಾಲೆ ಹುರದ ಶೇಂಗಾ ತಗೊಂಡ್ರು,
ಒಂದೊಂದ ಸುಲದು ನನ್ನ ಅಂಗೈಯಾಗ ಇಟ್ರು,
ಸಿಪ್ಪಿ ತಮ್ಮ ಕಿಸೇಕ.
ಮೂವತ್ತು ವರ್ಷದಾಗ ಇಂಥಾದ್ದು ಕಂಡಿರಲಿಲ್ಲ.
ಅಂಜಿಕಿ ಬಂದದ್ದು ಆಗ.

ಪೀರಾಂಬಿಗೆ ಅಷ್ಟ ಹೇಳೇನಿ.
ಈಗ ಆಕಿ ನನ್ನ ಬಾಜೂಕ ಕುಂಡ್ರತಾಳ,
ಚೀಲಕ್ಕ ಬಗ್ಗಿ ಮೂಸಿ ಕಿವ್ಯಾಗ "ಹಳೇದು" ಅಂತಾಳ,
ನಾ ದೊಡ್ಡ ದನಿಲೆ "ಹಳೇದ್ರೀ" ಅಂತೀನಿ.
ಎರಡರಾಗ ಒಂದು ತಪ್ಪ.
ಆಕಿ ಮೂಗೂ ಅಷ್ಟಕ್ಕಷ್ಟ.

ಬುಧವಾರ ತಲಿ ಬೋಳಿಸತಾರಂತ.
ಮೊಣಕೈಯುದ್ದ ಜಡಿ, ನಿನ್ನೆ ಎಣ್ಣಿ ಹಚ್ಚಿ ಬಾಚಿದೆ,
ಯಾಕ ಅಂತ ನನಗೂ ಗೊತ್ತಿಲ್ಲ.

ರಾತ್ರಿ ಮರತು
ತೊಟ್ಟು ಮುರದ ಕೈಲೆ ಕಣ್ಣು ತಿಕ್ಕೊಂಡೆ.
ಏನ್ ಉರಿ ಅಂತೀರಿ!
ವಾಸನಿ ಹೋದ್ರೂ ಉರಿ ಎಲ್ಲೂ ಹೋಗಿಲ್ಲ,
ನೀರು ದಳದಳ, ಮೂಗಿನಾಗೂ.
ಅವರು ಎದ್ದು ದೀಪಾ ಹಾಕಿದ್ರು.
"ಅಳಬ್ಯಾಡ."
"ಮೆಣಸಿನಕಾಯಿ" ಅಂದೆ.
ಅರ್ಧ ಖರೆ.