ಅಡ್ಡ ಬೆಳಕು

ಮಧ್ಯಾಹ್ನ ನೋಡಿದಾಗ ಗ್ವಾಡಿ ಕೆನಿಮೊಸರಿನಂಗ ಇತ್ತಂತ.
ಸಂಜೀಕ ದೀಪ ಹಚ್ಚಿದ್ದಽ ತಡ,
ಎಲುಬು ಎದ್ದಾವ, ರಾಜಾಸಾಬ, ಲಗೂನ ಬಾ
ಅಂತ ಫೋನ್ ಮಾಡಿದ ಮಹಾಂತಪ್ಪ.
ಪಂಚಮಿಗೆ ಸೀರಿ ಅಂಗಡಿ ತೆರೀಬೇಕು. ಉಳದದ್ದು ಐದ ದಿನ.

ಇಳಕಲ್ಲ ಪ್ಯಾಟಿಯೊಳಗ ಎರಡನೇ ಮಜಲಾ.
ಕೆಳಗ ಗ್ರಾನೈಟ್ ಲಾರಿ ಹಾದರ ಮ್ಯಾಲ ಗಾಜು ನಡಗತಾವ.
ಜಿಪ್ಸಮ್ ಬೋರ್ಡ್ ಕೂಡ್ರಿಸಿದವರು ಹುಬ್ಬಳ್ಳಿಯವರು,
ರೊಕ್ಕ ತಗೊಂಡು ಹ್ವಾದರು.
ಬಣ್ಣ ಹಚ್ಚಿದಂವ ಮತ್ತೊಬ್ಬ. ಜೋಡ ಕಂಡಕೂಡಲೆ
ಇನ್ನೊಂದು ಕೋಟ್ ಬಳದಾನ,
ಅದರ ಮ್ಯಾಲ ಇನ್ನೊಂದು.
ಬಣ್ಣಕ್ಕ ಮುಚ್ಚಾಕ ಬರೂದಿಲ್ಲ, ತಮ್ಮಾ.
ಬಣ್ಣ ಚಾಡಿ ಹೇಳತೈತಿ.

ನಾ ದೀಪ ಎಲ್ಲಾ ಆರಿಸಿದೆ.
ಬ್ಯಾಟರಿನ ಗಲ್ಲ ಗ್ವಾಡಿಗೆ ಹಚ್ಚಿ ಹಿಡದೆ.
ನಾಕ ನಾಕ ಫೂಟಿಗೆ ಒಂದು ದಿಬ್ಬ,
ದಿಬ್ಬದ ಬೆನ್ನಿಗೆ ತೆಳ್ಳನ್ನ ನೆರಳು,
ಬಡಕಲ ಎತ್ತಿನ ಪಕ್ಕೆಲುಬು.
ಹನ್ನೊಂದು ಎಣಿಸಿದ ಮೌಲಾಲಿ.
ಹನ್ನೆರಡನೇದು ನಾ ತೋರಿಸಿದೆ.

ಬೆರಳಗಂಟಿಲೆ ಬಡದೆ. ಎರಡು ಟೊಳ್ಳು ಮಾತಾಡಿದವು:
ಒಳಗ ಟೇಪ್ ಬಿಟ್ಟಿತ್ತು. ಕೊಯ್ದು ಕಿತ್ತು ಹೊಸಾದು ಕೂಡ್ರಿಸಿದೆ.
ಉಳದ ಹತ್ತು ಗಟ್ಟಿ ಇದ್ದವು, ಉಬ್ಬಿದ್ದವು ಅಷ್ಟಽ.
ತಿಕ್ಕಿ ಇಳಸಲಾ ಅಂದ ಮಹಾಂತಪ್ಪ.
ತಿಕ್ಕಿದರ ಟೇಪಿನ ನೂಲು ಹೊರಗ ಬೀಳತೈತಿ, ಸಾವ್ಕಾರ.
ದಿಬ್ಬ ಇಳಸೂದಲ್ಲ ಇದು,
ಸುತ್ತಲಿನ ಹೊಲಾನಽ ಒಂದೀಟು ಎತ್ತೂದು.
ಮೊದಲು ಕಾಗದ ತಿಕ್ಕಿ ಬಣ್ಣದ ಸೊಕ್ಕು ಮುರೀಬೇಕು,
ಆಮ್ಯಾಲ ಜೋಡಿನ ಆಕಡೆ ಒಂದು ಮೊಳ, ಈಕಡೆ ಒಂದು ಮೊಳ
ಪುಟ್ಟಿ ಎಳೀಬೇಕು,
ಅಂಚಿಗೆ ಮುಟ್ಟೂದ್ರಾಗ ರೊಟ್ಟಿ ಅಂಚಿಗಿಂತ ತೆಳ್ಳಗ,
ಎಲ್ಲಿ ಮುಗೀತು ಅಂತ ಎಳದಂವಗೂ ತಿಳೀಬಾರದು.
ಹಂಗ ಮೂರು ಸಲ, ನಡುವ ಒಂದೊಂದು ದಿನ ಒಣಗಾಕ.
ಫ್ಯಾನ್ ಹಚ್ಚಲೇನು ಅಂದ. ಬ್ಯಾಡ.
ಅವಸರದ ಪುಟ್ಟಿ ಇವತ್ತ ಹೂಂ ಅಂತೈತಿ,
ನಾಳೆ ಬಿರೀತೈತಿ.

ಗಾದಿ ಮ್ಯಾಲ ಎಲಿ ಅಡಿಕಿ ಹಾಕ್ಕೋತ ಕುಂತಿದ್ದಳು ಸಾವಂತ್ರವ್ವ,
ಮಹಾಂತಪ್ಪನ ದೊಡ್ಡವ್ವ. ನಲವತ್ತು ವರ್ಷ ಕುಣಿಮಗ್ಗದಾಗ ಕಾಲಿಟ್ಟಾಕಿ.
ಈಗ ಎರಡೂ ಕಣ್ಣಿಗೆ ಪೊರಿ.
ಏನ ಮುಚ್ಚಾಕ ಹತ್ತೀಯೋ?
ಕೂಡಿದ ಜಾಗಾ, ಯವ್ವಾ.
ನಕ್ಕಳು. ಗಂಟಿನಾಗಿಂದ ಒಂದು ಸೀರಿ ಎಳದು
ಒಡಲು ಸೆರಗು ಕೂಡೂ ಗೆರಿ ಬೆರಳಿಲೆ ಹುಡುಕಿ
ನನ್ನ ಕೈಯಾಗ ಇಟ್ಟಳು:
ಹತ್ತಿ ಎಳಿ ಕೊರಳಾಗ ರೇಶ್ಮಿ ಎಳಿ,
ಕೊಂಡಿಗೆ ಕೊಂಡಿ, ಸಾವಿರಾರು.
ಗಿರಾಕಿ ಮೊದಲ ಇದನ್ನಽ ಹುಡಕತಾರ.
ನಮ್ಮ ಜೋಡ ಕಂಡರ ರೇಟು ಏರತೈತಿ,
ನಿಂದು ಕಂಡರ ಇಳೀತೈತಿ.
ಇದೆಂಥಾ ಕಸಬೋ ನಿಂದು?

ನನಗ ಉತ್ತರ ಹೊಳೀಲಿಲ್ಲ.
ಪುಟ್ಟಿ ಹಲಗಿ ತೊಳೀಬೇಕಾಗಿತ್ತು, ತೊಳಕೊಂಡೆ.

ಐದನೇ ದಿನ, ಪ್ರೈಮರ್ ಆಗಿ, ಎರಡು ಕೈ ಬಣ್ಣ ಆಗಿ,
ಮತ್ತ ದೀಪ ಆರಿಸಿ ಬ್ಯಾಟರಿ ಹಿಡದೆ.
ಈ ತುದಿಯಿಂದ ಆ ತುದಿತನಕ ಬೆಳಕು
ಎಲ್ಲೂ ಎಡವಲಿಲ್ಲ.
ಮಹಾಂತಪ್ಪ ಫೋಟೋ ಹೊಡಕೊಂಡ, ರೊಕ್ಕ ಎಣಿಸಾಕ ಕುಂತ.

ಅಷ್ಟರಾಗ ಸಾವಂತ್ರವ್ವ ಬಚ್ಚಲಕ ಹೊಂಟಳು,
ಗ್ವಾಡಿ ಮ್ಯಾಲ ಅಂಗೈ ಊರಕೋತ.
ಸಣ್ಣ ಸಣ್ಣ ಹೆಜ್ಜಿ. ನಿಂತಳು.
ಇಲ್ಲೊಂದು, ಅಂದಳು.
ನಾಕ ಫೂಟಿಗೆ ಮತ್ತ ನಿಂತಳು. ಇಲ್ಲೊಂದು.
ಮೌಲಾಲಿ ಓಡಿ ಬ್ಯಾಟರಿ ಬಿಟ್ಟ. ಏನೂ ಇಲ್ಲ.
ಆಕಿ ಕೈ ಮಾತ್ರ ಖರೇ ಅಲ್ಲೇ ಇತ್ತು,
ನಾ ಟೇಪ್ ಕೊಯ್ದು ತಗದಲ್ಲೇ.

ಮಹಾಂತಪ್ಪ ನನ್ನ ಮಾರಿ ನೋಡಿದ.
ನೋಟಿನಾಗಿಂದ ಮುನ್ನೂರು ಹಿಂದಕ ಸರಿಸಿದ.
ಪೂರಾ ಕೊಡೋ ಹುಚ್ಚಪ್ಪಾ, ಅಂದಳು ಮುದುಕಿ, ತಿರುಗಿ ಸೈತ ನೋಡದ.
ನಾ ಎಣಿಸಾಕ ಹತ್ತೇನಿ. ಬೈಯಾಕಲ್ಲ.
ಮೂರು ಅಂದಳು. ನಾಕು ಅಂದಳು.
ಐದು ಅನ್ಕೋತ ಬಚ್ಚಲ ಬಾಗಲ ದೂಡಿದಳು.